ಮಲಂಗಸಾಬ ಹಾಕಿಕೊಟ್ಟ 75

"ಕಳ್ಳ ಅದೀ ನೀ! 486 ಹಾಕ್ತೀನಿ ಅಂತ ಹೇಳಿ 75 ಹಾಕಿ ಕೊಟ್ಟೀಯಲ್ಲೋ. ನನಗ ಲೆಕ್ಕ ಬರೂದಿಲ್ಲಂತ ತಿಳದೀಯೇನ?"

"ನಾನಪ್ಪ, ದನಿ ಸ್ವಲ್ಪ ಇಳಸು. ನಾ ಹೇಳೂದ ಕೇಳು."

"ಏನ ಕೇಳೂದು? ಕಂಪ್ಯೂಟರ್ ಪರದೆ ಮ್ಯಾಲೆ ಬರದೈತಿ. ನನ್ನ ಕಣ್ಣ ಹೋಗ್ಯಾವೇನ?" ಎಂದು ನಾನು ಮತ್ತೆ ಕೂಗಿದೆ.

ಮಲಂಗಸಾಬ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿಕೊಂಡ. ಬೆಂಚಿನ ಮೇಲೆ ಕೂತಿದ್ದ ಲೇಬರ್ ಕಾಂಟ್ರ್ಯಾಕ್ಟರ್ ಕೇಶಪ್ಪ ಎಲೆ ಅಡಿಕೆ ಜಗಿಯುತ್ತ, "75 ಅಂದ್ರ 286ಕ್ಕಿಂತ ಹಿಂದಿಂದು. ನಮ್ಮಜ್ಜನ ಕಾಲದ್ದ ಎಲ್ಲಿ ಸಿಕ್ತೋ ಮಲಂಗಣ್ಣ?" ಎಂದು ನಕ್ಕ. ಉರಿಗೆ ತುಪ್ಪ ಸುರಿದಂತಾಯಿತು.

ಇದು 1997ರ ಮಾತು. ವೆರ್ಣಾದ ಕಾರ್ಖಾನೆಗಳ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಕೆಲಸದ ಅರ್ಜಿ, ಕಾಂಟ್ರ್ಯಾಕ್ಟರರ ಹಾಜರಿ ಪಟ್ಟಿ ಮಾಡಿಕೊಡುತ್ತಿದ್ದೆ. ಇದ್ದದ್ದು ಒಂದು ಹಳೆಯ 386 ಕಂಪ್ಯೂಟರ್. ಕೇಶಪ್ಪನ ಇನ್ನೂರು ಆಳುಗಳ ಆರು ತಿಂಗಳ ಹಾಜರಿ ಕೂಡಿಸಲು ಹೇಳಿದರೆ ಹೊರಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಅದಕ್ಕೇ ಮಲಂಗಸಾಬನಿಗೆ 486 ಹಾಕಲು ಹೇಳಿದ್ದೆ. ಕಂಪನಿಗಳು ತೆಗೆದುಹಾಕಿದ ಕಂಪ್ಯೂಟರುಗಳನ್ನು ತಂದು ರಿಪೇರಿ ಮಾಡುವವನು ಅವನು. ನನ್ನ ಹತ್ತು ವರ್ಷದ ಗೆಳೆಯ. ಕಂಪ್ಯೂಟರಿನ ಬುದ್ಧಿಯೆಲ್ಲ ಪ್ರೊಸೆಸರ್ ಎಂಬ ಒಂದು ಬಿಲ್ಲೆಯಲ್ಲಿರುತ್ತದೆಂದು ನನಗೆ ಹೇಳಿಕೊಟ್ಟವನೂ ಅವನೇ.

ಮೊದಲು 286 ಬಂತು, ಆಮೇಲೆ 386, ಆಮೇಲೆ 486. ನಂಬರು ದೊಡ್ಡದಾದಷ್ಟೂ ಬಿರುಸು. ಊರ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವನು ನಾನು. ಯಾವುದು ದೊಡ್ಡದು ಯಾವುದು ಸಣ್ಣದು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಆ ಬೆಳಿಗ್ಗೆ ಕೇಶಪ್ಪನಿಗೆ ಜಂಬದಿಂದ ತೋರಿಸಲು ಬಟನ್ ಒತ್ತಿದರೆ ಪರದೆಯ ಮೇಲೆ 'ಪೆಂಟಿಯಮ್ 75' ಎಂದು ಮೂಡಿತು. ಪೆಂಟಿಯಮ್ ಎಂದರೆ ಮಾಡಿದವರ ಹೆಸರಿರಬೇಕು ಅಂದುಕೊಂಡೆ. ನನಗೆ ಕಂಡದ್ದು 75 ಮಾತ್ರ.

"ಚೀಲಾ ತೆಗಿ," ಅಂದೆ.

ಮಲಂಗಸಾಬ ನನ್ನ ಮುಖ ನೋಡಿದ. "ಏನಂದಿ?"

"ಚೀಲಾ ತೆಗಿ ಅಂದೆ. ನನ್ನ 486 ಅದರಾಗ ಐತೋ ಇಲ್ಲೋ ನೋಡೂಣು."

ಈ ಮಾತು ನನ್ನ ಬಾಯಿಂದ ಬರಬಾರದಿತ್ತು. ಮೊದಲು ನಾವಿಬ್ಬರೂ ಕುಂಡಯಿಯ ಒಂದೇ ಕಾರ್ಖಾನೆಯಲ್ಲಿ ಆಳಾಗಿದ್ದೆವು. ಶಿಫ್ಟ್ ಬಿಟ್ಟಾಗ ಗೇಟಿನಲ್ಲಿ ವಾಚ್‌ಮನ್ ಎಲ್ಲರ ಚೀಲ ತೆಗೆಸುತ್ತಿದ್ದ, ಉಳಿದ ರೊಟ್ಟಿಯನ್ನೂ ಕೋಲಿನಿಂದ ಎತ್ತಿ ನೋಡುತ್ತಿದ್ದ. ಬಸ್ಸಿನಲ್ಲಿ ಅವನಿಗೆ ಇಬ್ಬರೂ ಕೂಡಿ ಬೈಯುತ್ತಿದ್ದೆವು. ಆ ಗೇಟು ತಾಳಲಾಗದೆ ಮಲಂಗಸಾಬ ಕೆಲಸ ಬಿಟ್ಟು ರೇಡಿಯೊ ರಿಪೇರಿ ಕಲಿತ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಚೀಲವನ್ನು ನಾನೇ ಎಳೆದುಕೊಂಡು ಮೇಜಿನ ಮೇಲೆ ಸುರಿದೆ.

ಊಟದ ಡಬ್ಬಿ ಬಿತ್ತು. ವೈರುಗಳು ಬಿದ್ದವು. ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಬೋರ್ಡು. ಬಿಚ್ಚಿದರೆ ಅದರ ಬಿಲ್ಲೆಯ ಮೇಲೆ 486.

"ನೋಡು ಕೇಶಪ್ಪ, ನೋಡು!" ಎಂದು ಕೂಗಿದೆ. ಹೊರಗೆ ನಿಂತಿದ್ದ ನಾಲ್ಕು ಜನ ಒಳಗೆ ಇಣುಕಿದರು.

ಮಲಂಗಸಾಬ ಸಿಟ್ಟಾಗಲಿಲ್ಲ. ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿದ. ಆಮೇಲೆ ಅಂದ: "ನಾನಪ್ಪನವರ, ಕೈಗಡಿಯಾರ ಬಿಚ್ಚಿ ಮುಂದ ಇಟ್ಕೋರಿ."

ಹತ್ತು ವರ್ಷದಲ್ಲಿ ಅವನು ನನಗೆ 'ರೀ' ಅಂದಿರಲಿಲ್ಲ.

"ಮೊದಲ ಇದ್ದ 386ಕ್ಕ ಹಾಜರಿ ಕೂಡಸಾಕ ಎಷ್ಟ ಹೊತ್ತ ಹಿಡೀತಿತ್ತು ಹೇಳ್ರಿ."

"ಒಂಬತ್ತು ನಿಮಿಷ," ಅಂದ ಕೇಶಪ್ಪ. ಕಾಯುತ್ತಿದ್ದವನು ಅವನೇ.

ಮಲಂಗಸಾಬ ಪೆಟ್ಟಿಗೆಯ ಬೋರ್ಡು ಬಿಚ್ಚಿ, ಟವೆಲ್ಲಿನ 486 ಬೋರ್ಡನ್ನು ಮೇಜಿನ ಮೇಲೇ ಜೋಡಿಸಿ, ಅದೇ ಡಿಸ್ಕು ಸಿಕ್ಕಿಸಿದ. ಕೇಶಪ್ಪನ ಹಾಜರಿ ಕೂಡಿಸಲು ಹಚ್ಚಿದೆ. ಮೂರೂವರೆ ನಿಮಿಷ. ಅದನ್ನು ಬಿಚ್ಚಿ 75 ಅನ್ನು ಮತ್ತೆ ಪೆಟ್ಟಿಗೆಗೆ ಕೂಡಿಸಿದ. ಅದೇ ಹಾಜರಿ. ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿ ಇನ್ನೊಂದರ ಅರ್ಧಕ್ಕೂ ಹೋಗಿರಲಿಲ್ಲ. ಪಟ್ಟಿ ತಯಾರಾಗಿ ನಿಂತಿತ್ತು.

"286, 386, 486 ಅನ್ನೂದು ಮಾಡೆಲ್ ನಂಬರ್ ರೀ," ಅಂದ. "486 ಆದಮ್ಯಾಲೆ ಬಂದಿದ್ದು 586 ಆಗಬೇಕಿತ್ತು. ಅದಕ್ಕ ನಂಬರ್ ಬಿಟ್ಟು ಪೆಂಟಿಯಮ್ ಅಂತ ಹೆಸರಿಟ್ರು. 75 ಅನ್ನೂದು ಅದು ಓಡೂ ವೇಗ. ನೀವು ಕೇಳಿದ 486 ಓಡೂದು 33. ಇದು ಮೊನ್ನೆ ಒಂದ ಆಫೀಸಿನಾಗ ಸಿಕ್ತು. ನಿಮಗ ಇರಲಿ ಅಂತ ಹಾಕಿದೆ. ಇದು ಕೈಕೊಟ್ರ 486 ಹಾಕೂಣಂತ ಅದನ್ನೂ ತಂದಿದ್ದೆ."

ಕೇಶಪ್ಪ ಜಗಿಯುವುದನ್ನು ನಿಲ್ಲಿಸಿ, "ಛೇ ನಾನಪ್ಪ," ಅಂದ. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಸರಿಯತೊಡಗಿದರು. ತಪ್ಪಾಯಿತು ಎಂಬ ಒಂದು ಮಾತು ಸಾಕಾಗಿತ್ತು. ಆದರೆ ನಾಲ್ಕು ಜನರ ಮುಂದೆ ಕೂಗಿದ ಬಾಯಿ, ನಾಲ್ಕು ಜನರ ಮುಂದೆ ಇಳಿಯಲು ಒಪ್ಪಲಿಲ್ಲ.

"ಮೊದಲ ಹೇಳಬೇಕಿತ್ತಲ್ಲ," ಅಂದೆ. ಅದೂ ಗದರಿಸಿಯೇ.

"ಹೌದ್ರಿ. ನಂದ ತಪ್ಪು," ಅಂದ ಮಲಂಗಸಾಬ.

ಪೆಟ್ಟಿಗೆಯ ಮುಚ್ಚಳ ಹಾಕಿ ನಾಲ್ಕೂ ಸ್ಕ್ರೂ ಬಿಗಿ ಮಾಡಿದ. ನೆಲದ ಮೇಲೆ ಬಿದ್ದಿದ್ದ ಡಬ್ಬಿಯ ಮುಚ್ಚಳ ಹುಡುಕಿ ಒರೆಸಿಕೊಂಡ. 486 ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟ. "ಇದೂ ಇರಲಿ. ನಿಮ್ಮದ ಅಂದ್ರಲ್ಲ."

ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. "ಕರೀ ಅವನ್ನ, ಹೋಗಾಕತ್ಯಾನ," ಎಂದು ಕೇಶಪ್ಪ ನನ್ನ ತೋಳು ತಟ್ಟಿದ. ನಾನು ಪರದೆಯ ಕಡೆಗೆ ತಿರುಗಿ, "ಎಷ್ಟ ಪ್ರತಿ ತೆಗೀಲಿ?" ಎಂದು ಕೇಳಿದೆ.

ಮಲಂಗಸಾಬ ರಸ್ತೆ ದಾಟಿದ. ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.