ಓರಗಿತ್ತಿಯ ಉಂಗುರ, ಫೈರ್ ಸ್ಟೇಷನ್ನಿನ ಕತ್ತರಿ

ಬಾಗಿಲಿಗೆ ನೀರು ಹಾಕಿ ಸುನಿತಾ ರಂಗೋಲಿಯ ಮೊದಲ ಎಳೆ ಎಳೆದಿದ್ದಳಷ್ಟೇ. ಒಳಗಿನಿಂದ ಅತ್ತೆ ಬೈರಮ್ಮ ಕೂಗಿದಳು.

"ಸುನಿತಾ, ರಂಗೋಲಿ ಆಮೇಲೆ ಬುಡಮ್ಮಿ. ಬಂದು ಹಾಲು ಕರಿ, ಡೈರಿ ಹೊತ್ತಾಯ್ತು. ಅರ್ಪಿತ ರೊಟ್ಟಿ ತಟ್ತಾವ್ಳೆ ಪಾಪ, ಒಬ್ಳೇ."

ಪಾಪ! ಸುನಿತಾ ಕೈಯಲ್ಲಿದ್ದ ಪುಡಿಯನ್ನು ಬಟ್ಟಲಿಗೆ ಸುರಿದು ಎದ್ದಳು. ಈ ಮನೆಗೆ ಬಂದ ಮೇಲೆ ಅವಳು ತಟ್ಟಿದ ರೊಟ್ಟಿಗೆ ಲೆಕ್ಕವಿಲ್ಲ. ಆದರೆ ಆ 'ಪಾಪ' ಅನ್ನುವ ಮಾತು ಒಂದು ದಿನವೂ ಅವಳ ಪಾಲಿಗೆ ಬಂದಿರಲಿಲ್ಲ.

ಹೊಸಹೊಳಲಿನ ಆ ಮನೆಗೆ ಸುನಿತಾ ಹಿರಿ ಸೊಸೆ, ನಾಗರಾಜುವಿನ ಹೆಂಡತಿ. ಮೈದುನ ದಿಲೀಪನ ಹೆಂಡತಿ ಅರ್ಪಿತ ಬಂದದ್ದು ಹೋದ ವರ್ಷ. ಅವಳು ಹೊಸ್ತಿಲು ದಾಟಿದ ದಿನವೇ ಬೈರಮ್ಮ ತನ್ನ ಬೆರಳಿನಿಂದ ಕೆಂಪು ಹರಳಿನ ಉಂಗುರ ಬಿಚ್ಚಿ ಎಲ್ಲರ ಮುಂದೆ ತೊಡಿಸಿದ್ದಳು. ಅದು ಬೈರಮ್ಮನ ತಾಯಿಯ ಕಾಲದ ಉಂಗುರ. ನೆಂಟರೆಲ್ಲ "ಎಷ್ಟು ಒಪ್ಪುತ್ತೆ ನೋಡಿ" ಅಂದರು. ಆಗ ಪಾಯಸ ಬಡಿಸುತ್ತಿದ್ದ ಸುನಿತಾಳೂ "ಹೌದು, ಒಪ್ಪುತ್ತೆ" ಅಂದಿದ್ದಳು. ಅಂದ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಇನ್ನೂ ಇತ್ತು.

ಹಾಲಿನ ಕ್ಯಾನು ತೊಳೆಯಲು ಬಚ್ಚಲಿಗೆ ಹೋದರೆ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಅದೇ ಉಂಗುರ. ಹಿಟ್ಟು ಮೆತ್ತಿಕೊಳ್ಳುತ್ತದೆ ಎಂದು ಅರ್ಪಿತ ಬಿಚ್ಚಿಟ್ಟು ಹೋಗಿದ್ದಳು. ಸುನಿತಾ ಆಚೀಚೆ ನೋಡಿದಳು. ಒಂದು ಗಳಿಗೆ ಹಾಕಿ ನೋಡಿದರೆ ಸವೆಯುತ್ತದೆಯೇ? ಉಂಗುರ ಅವಳ ಬೆರಳಿನ ಗೆಣ್ಣಿನಲ್ಲಿ ತಡೆಯಿತು. ತಿರುಗಿಸಿ ಒತ್ತಿದಳು. ಒಳಗೆ ಹೋಯಿತು.

ಕೈಯನ್ನು ಕನ್ನಡಿಯ ಮುಂದೆ ಹಿಡಿದು, "ನಂಗ್ಯಾಕೆ ಕೊಡ್ಲಿಲ್ಲ? ನಂದೇನು ಬೆರಳಲ್ವಾ?" ಎಂದು ತನಗೆ ತಾನೇ ಅಂದುಕೊಂಡಳು. ಹಿಂದಿನಿಂದ ಬ್ರಷ್ ಉಜ್ಜುವ ಸದ್ದು ಕೇಳಿಸಿತು. ಮಗಳು ಪ್ರಿಯಾಂಕ ಬಾಯಿ ತುಂಬ ನೊರೆ ಮಾಡಿಕೊಂಡು ನಿಂತಿದ್ದಳು.

"ಅಮ್ಮಾ, ಅದು ಚಿಕ್ಕಮ್ಮಂದಲ್ವಾ?"

"ಸುಮ್ನೆ ಬಾಯಿ ಮುಕ್ಕಳ್ಸು, ಹೋಗು."

ಮಗು ಹೋಯಿತು. ಉಂಗುರ ಹೋಗಲಿಲ್ಲ. ಎಳೆದಳು, ಸೋಪು ಹಚ್ಚಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಆಚೆಯಿಂದ ಬೈರಮ್ಮ, "ಕ್ಯಾನು ತೊಳೀತಿದ್ದೀಯೋ ಎರಕ ಹುಯ್ತಿದ್ದೀಯೋ?" ಎಂದು ಕೂಗಿದಳು. ಸುನಿತಾ ಕೈ ಮುಚ್ಚಿಕೊಂಡು ಕೊಟ್ಟಿಗೆಗೆ ಓಡಿದಳು. ಕೆಚ್ಚಲು ಹಿಂಡಿದ ಒಂದೊಂದು ಸಲಕ್ಕೂ ಬೆರಳು ಊದುತ್ತಾ ಹೋಯಿತು. ಬಿಸಿ ತಾಕಿದರೆ ಸಡಿಲವಾಗಬಹುದು ಎಂದು ವಾಪಸ್ಸು ಬಂದವಳು ಹಂಡೆಯ ಬಿಸಿನೀರಿನಲ್ಲಿ ಕೈ ಅದ್ದಿ ಕೂತಳು. ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ ಆಯಿತು. ಬಿಸಿಗೆ ಬೆರಳು ಇನ್ನೂ ಉಬ್ಬಿ ಉಂಗುರ ಮಾಂಸದೊಳಗೆ ಹೂತುಕೊಂಡಿತು.

ಅಷ್ಟರಲ್ಲಿ ಮನೆಯಲ್ಲಿ ಹುಡುಕಾಟ ಶುರುವಾಗಿತ್ತು. ಅರ್ಪಿತ ಬಚ್ಚಲಿನ ಮೂಲೆಯಲ್ಲಿ ಕೈಯಾಡಿಸಿದಳು, ತಿಪ್ಪೆ ಕೆದಕಿದಳು, ಕಣ್ಣು ತುಂಬಿಕೊಂಡು ಬಂದು ನಿಂತಳು.

"ಅಕ್ಕ, ನನ್ನ ಉಂಗುರ ಎಲ್ಲಾದ್ರೂ ಕಂಡ್ರಾ?"

"ನಾನ್ಯಾಕೆ ನೋಡ್ಲಿ ನಿನ್ನ ಉಂಗುರಾವ?" ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದ ಸುನಿತಾ ಮುಖ ತಿರುಗಿಸಿದಳು. ನಿಜ ಹೇಳಬೇಕೆಂದರೆ, ಅರ್ಪಿತಳ ಕಣ್ಣೀರು ನೋಡಿ ಅವಳ ಹೊಟ್ಟೆಯೊಳಗೆ ಒಂದು ಚಣ ತಣ್ಣಗಾಯಿತು. ಮರುಚಣ ಬೆರಳು ಪಟಪಟ ಹೊಡೆದುಕೊಂಡಿತು. ಬಟ್ಟೆ ಸರಿಸಿ ನೋಡಿದರೆ ತುದಿ ನೀಲಿಗಟ್ಟಿತ್ತು. ಚಿವುಟಿದರೆ ನೋವೂ ಗೊತ್ತಾಗಲಿಲ್ಲ. ಹೇಳಿದರೆ ಕಳ್ಳಿ ಅನ್ನಿಸಿಕೊಳ್ಳಬೇಕು. ಹೇಳದಿದ್ದರೆ ಬೆರಳೇ ಉಳಿಯುವುದಿಲ್ಲ.

ಆಗ ಮೊಸರಿಗೆ ಹೆಪ್ಪು ಕೇಳಲು ಬಂದವಳು ಪಕ್ಕದ ಮನೆಯ ಕುಳ್ಳಮ್ಮ. ಅವಳ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಕೋಳಿಯೂ ಮೊಟ್ಟೆ ಇಡುವ ಹಾಗಿಲ್ಲ.

"ಏನಮ್ಮಿ ಕೈಗೆ? ತೋರ್ಸು."

"ಏನಿಲ್ಲ ದೊಡ್ಡವ್ವ, ಹುಲ್ಲು ಕುಯ್ವಾಗ ಕುಡ್ಲು ತಾಕ್ತು."

"ಕುಡ್ಲು ತಾಕಿದ್ರೆ ರಕ್ತ ಬರ್ತದೆ, ಮೊಕದಲ್ಲಿ ಬೆವರು ಬರಾಕಿಲ್ಲ." ಕುಳ್ಳಮ್ಮ ಬಟ್ಟೆ ಕಿತ್ತೇಬಿಟ್ಟಳು. "ಅಯ್ಯೋ, ನನ್ ಮಗಳೇ! ಇದ್ಯಾಕೆ ಇಂಗೆ ಬದ್ನೇಕಾಯಿ ಆಗೈತೆ ಬೆರಳು?"

ಮನೆಯವರೆಲ್ಲ ಜಗುಲಿಗೆ ಬಂದರು. ಬೈರಮ್ಮ ಬೆರಳನ್ನಲ್ಲ, ಮೊದಲು ಉಂಗುರವನ್ನು ನೋಡಿದಳು.

"ಇದು ಅರ್ಪಿತಂದಲ್ವಾ?"

"ಬಚ್ಚಲಲ್ಲಿ ಕೆಳಕ್ಕೆ ಬಿದ್ದಿತ್ತು ಅತ್ತೆ. ಕಳ್ದೋದಾತು, ಕೊಡೋಣ ಅಂತ ಬೆರಳಿಗೆ..."

"ಅಮ್ಮಾ, ನೀನು ಕನ್ನಡಿ ಮುಂದೆ..." ಪ್ರಿಯಾಂಕ ಬಾಯಿ ತೆರೆದಳು.

"ದೊಡ್ಡೋರು ಮಾತಾಡೋವಾಗ ಸುಮ್ನಿರು!" ಸುನಿತಾ ಗದರಿದಳು.

ನಾಗರಾಜು ಹೆಂಡತಿಯ ಕೈ ಹಿಡಿದು ಗಾಬರಿಯಾದ. "ಭಾನುವಾರ, ಅಕ್ಕಸಾಲಿ ಅಂಗಡಿ ಬಾಗ್ಲು ಹಾಕಿರ್ತದೆ. ನಡಿ, ಹೊನ್ನಪ್ಪನ ವೆಲ್ಡಿಂಗ್ ಶಾಪಿಗೆ ಹೋಗವ. ಗ್ರೈಂಡರ್ ಹಿಡಿದ್ರೆ ಒಂದು ನಿಮಿಷದ ಕೆಲಸ."

"ಒಂದು ನಿಮಿಷಕ್ಕೆ ಉಂಗುರಾನೂ ಹೋಗ್ತದೆ, ಬೆರಳೂ ಹೋಗ್ತದೆ ಕಣ್ಲಾ!" ಕುಳ್ಳಮ್ಮ ಅಡ್ಡ ನಿಂತಳು. "ಕಬ್ಬಿಣ ಕುಯ್ಯೋ ಮಿಷಿನ್ನು ಅದು. ಕಿಡಿ ಹಾರ್ತದೆ, ಉಂಗುರ ಕಾದು ಚರ್ಮ ಸುಡ್ತದೆ. ನೆಟ್ಟಗೆ ಪೇಟೆ ಫೈರ್ ಸ್ಟೇಷನ್ನಿಗೆ ಕರ್ಕೊಂಡೋಗು."

ಬೈರಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಫೈರ್ ಸ್ಟೇಷನ್ನಾ? ನಮ್ಮ ಮನೆಗೇನು ಬೆಂಕಿ ಬಿದ್ದೈತಾ? ಉಂಗುರ ಸಿಕ್ಕಾಕೊಂಡೈತೆ ಅಂತ ಹೋದ್ರೆ ಬೈದು ಕಳುಸ್ತಾರೆ. ಊರೋರು ನಗ್ತಾರೆ."

"ಬೆಂಕಿಗೆ ಮಾತ್ರ ಬರ್ತಾರೆ ಅಂತ ನಾನೂ ಅಂದ್ಕೊಂಡಿದ್ದೆ ಬೈರಮ್ಮ. ಹೋದ ಬ್ಯಾಸ್ಗೇಲಿ ನಮ್ಮ ಕಡಸು ಪಾಳು ಬಾವಿಗೆ ಬಿತ್ತಲ್ಲ? ನಮ್ಮ ಹುಡುಗ ನಿಂಗರಾಜು ಅದರ ಕುತ್ತಿಗೆಗೆ ಹಗ್ಗ ಹಾಕಿ ಟ್ರಾಕ್ಟರಲ್ಲಿ ಎಳೀತೀನಿ ಅಂತ ನಿಂತಿದ್ದ. ಎಳ್ದಿದ್ರೆ ತಲೆ ಒಂದೇ ಮೇಲಕ್ಕೆ ಬರ್ತಿತ್ತು. ಯಾರೋ ಫೋನ್ ಮಾಡುದ್ರು. ಅವರು ಬಂದು ಮೊದ್ಲು ಒಳಗೆ ಉಸಿರಾಡೋ ಗಾಳಿ ಐತಾ ನೋಡುದ್ರು. ಆಮೇಲೆ ಒಬ್ಬ ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳ್ದ, ಕಡಸಿನ ಹೊಟ್ಟೆಗೆ ಅಗಲದ ಪಟ್ಟಿ ಸುತ್ತಿ ಮೇಲಕ್ಕೆತ್ತುದ್ರು. ಅದೀಗ ಗಬ್ಬ ಆಗೈತೆ, ಬಾ ತೋರುಸ್ತೀನಿ."

"ಕಡಸು ಬ್ಯಾರೆ, ಬೆರಳು ಬ್ಯಾರೆ."

"ಹೌದು ಬುಡು, ಕಡಸಾದ್ರೆ ಹಾಲು ಕೊಡ್ತದೆ. ಸೊಸೆ ಬೆರಳು ಏನು ಕೊಡ್ತದೆ?"

ಬೈರಮ್ಮ ಸೊಂಟದ ಮೇಲಿನ ಕೈ ತೆಗೆದು ಚಪ್ಪಲಿ ಹುಡುಕಿದಳು. ಅಷ್ಟರಲ್ಲಿ ಅರ್ಪಿತ ಒಳಗೆ ಹೋಗಿ ಪಾತ್ರೆಯಲ್ಲಿ ಮಡಕೆಯ ತಣ್ಣೀರು ತಂದು ಸುನಿತಾಳ ಕೈಯನ್ನು ಅದರಲ್ಲಿಟ್ಟಳು. "ಅಕ್ಕ, ದಾರೀಲಿ ಕೈ ಎತ್ತಿ ಹಿಡ್ಕೊಳ್ಳಿ, ಕೆಳಗೆ ಬಿಡಬೇಡಿ. ನಾನೂ ಬರ್ತೀನಿ, ನಡೀರಿ." ಒಂದು ಮಾತು ಕೇಳಲಿಲ್ಲ, ಒಂದು ಕೊಂಕು ನುಡಿಯಲಿಲ್ಲ. ಸುನಿತಾಳಿಗೆ ಅದೇ ಇನ್ನೂ ಉರಿಯಿತು. ಚೆಲುವಲ್ಲಿ ಮುಂದೆ, ಓದಿನಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಇವಳೇ ಮುಂದೆ! ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಆಟೋದಲ್ಲಿ ಕುಳ್ಳಮ್ಮನೂ ಸೇರಿ ಎಲ್ಲರೂ ಒತ್ತಿಕೊಂಡು ಕೆ.ಆರ್. ಪೇಟೆಗೆ ಹೋದರು. ಠಾಣೆಯ ಅಂಗಳದಲ್ಲಿ ಸಿಬ್ಬಂದಿ ಕೆಂಪು ಗಾಡಿ ಒರೆಸುತ್ತಿದ್ದರು. ಅಧಿಕಾರಿ ಮಹದೇವಸ್ವಾಮಿ ಎದ್ದು ಬಂದರು.

"ಎಲ್ಲಿ ಬೆಂಕಿ?"

"ಬೆಂಕಿ ಇಲ್ಲ ಸ್ವಾಮಿ, ಬೆರಳು..." ಬೈರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು. "ನಗಬೇಡಿ."

"ನಗೋದ್ಯಾಕಮ್ಮ? ಹೊತ್ತು ಮೀರೋದ್ರೊಳಗೆ ಬಂದಿರಲ್ಲ, ಅದೇ ಸಂತೋಷ." ಅವರು ಸುನಿತಾಳನ್ನು ಕುರ್ಚಿಯಲ್ಲಿ ಕೂರಿಸಿ ಉಗುರು ಒತ್ತಿ ಬಿಟ್ಟರು. ಬಣ್ಣ ವಾಪಸ್ಸು ಬರಲು ತಡವಾಯಿತು. "ಊತ ಕಮ್ಮಿ ಇದ್ದಿದ್ರೆ ದಾರ ಸುತ್ತಿ ಹಾಗೇ ಜಾರಿಸಿ ತೆಗೀಬಹುದಿತ್ತು. ಈಗ ಕತ್ತರಿಸಲೇಬೇಕು. ಉಂಗುರ ಯಾರದು? ಅವರು ಒಪ್ಪಬೇಕು."

ಸುನಿತಾ ನೆಲ ನೋಡಿದಳು. ಅವಳ ಬೆರಳು ಉಳಿಯುವುದು ಈಗ ಅರ್ಪಿತಳ ಒಂದು ಮಾತಿನಲ್ಲಿತ್ತು.

"ನಂದು ಸಾರ್. ಬೇಗ ಕತ್ತರಿಸಿ."

"ನಮ್ಮವ್ವನ ಕಾಲದ್ದು..." ಬೈರಮ್ಮ ಉಂಗುರದತ್ತ ಬಗ್ಗಿದಳು. ನೀಲಿ ಬೆರಳನ್ನು ಇನ್ನೊಮ್ಮೆ ನೋಡಿದಳು. "ಇರ್ಲಿ ಸ್ವಾಮಿ. ಕತ್ತರ್ಸಿ."

ಮಹದೇವಸ್ವಾಮಿ ಪುಟ್ಟದೊಂದು ಸಾಧನ ತಂದರು. ಅದರ ತೆಳ್ಳನೆಯ ನಾಲಿಗೆ ಉಂಗುರಕ್ಕೂ ಚರ್ಮಕ್ಕೂ ನಡುವೆ ತೂರಿತು. ಚಿಕ್ಕ ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸುತ್ತಾ ಅವರು ಮಾತು ಬಿಡಲಿಲ್ಲ. ಸುನಿತಾಳ ಕಣ್ಣು ಬೆರಳಿನ ಮೇಲೆ ನೆಡದಿರಲಿ ಎಂದೇ ಇರಬೇಕು.

"ನಮಗೆ ಬರೋ ಎಷ್ಟೋ ಕರೆಗಳಲ್ಲಿ ಬೆಂಕಿನೇ ಇರಲ್ಲಮ್ಮ. ಮಗು ಒಳಗಿಂದ ಚಿಲಕ ಹಾಕ್ಕೊಂಡಿರುತ್ತೆ, ಒಲೆ ಮೇಲೆ ಹಾಲು ಉಕ್ತಾ ಇರುತ್ತೆ. ಇನ್ನೊಂದು ಮಗು ತಪ್ಪಲೆಯೊಳಗೆ ತಲೆ ಸಿಕ್ಕಿಸ್ಕೊಂಡಿರುತ್ತೆ. ಗಾಳಿ ಮಳೆಗೆ ಮರ ಉರುಳಿ ಮನೆ ಮೇಲೆ ಬಿದ್ದಿರುತ್ತೆ. ಕಾರು ನಜ್ಜುಗುಜ್ಜಾಗಿ ಒಳಗೆ ಜನ ಸಿಕ್ಕಿರ್ತಾರೆ. ನಾಲೆಗೆ ಬಿದ್ದೋರು, ಲಿಫ್ಟಲ್ಲಿ ಸಿಕ್ಕೋರು, ಎಲ್ಲಕ್ಕೂ ನಾವೇ."

"ನಮ್ಮ ಕಡಸು ಮರೆತ್ರಾ ಸ್ವಾಮಿ?" ಬಾಗಿಲ ಬಳಿ ನಿಂತಿದ್ದ ಕುಳ್ಳಮ್ಮ ಕೇಳಿದಳು.

ಗಾಡಿ ಒರೆಸುತ್ತಿದ್ದವನೊಬ್ಬ ತಿರುಗಿ ನಕ್ಕ. "ಮರೆಯೋದುಂಟಾ ಅಜ್ಜಿ? ಮೇಲಕ್ಕೆತ್ತಿದ ಮೇಲೆ ಒದ್ದಿದ್ದು ನಂಗೇ."

ಬೈರಮ್ಮನಿಗೂ ನಗು ಬಂತು. "ಅಲ್ಲ ಸ್ವಾಮಿ, ಇಷ್ಟೆಲ್ಲಾ ಮಾಡ್ತೀರಿ, ನಮಗೆ ಗೊತ್ತೇ ಇರ್ಲಿಲ್ವಲ್ಲ!"

"ಬೋರ್ಡ್ ಮೇಲೆ ಅಗ್ನಿಶಾಮಕದ ಜೊತೆಗೆ 'ತುರ್ತು ಸೇವೆ' ಅಂತಾನೂ ಬರ್ದಿದೆ ಅಮ್ಮ. ಜನ ಮೊದಲ್ನೇ ಪದ ಓದಿ ಮುಂದಕ್ಕೋಗ್ತಾರೆ."

ಟಿಕ್ ಎಂದಿತು. ಉಂಗುರ ಬಾಯಿ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಬೆರಳ ತುದಿಗೆ ಕೆಂಪು ಬಂತು, ಅದರ ಹಿಂದೆಯೇ ನೋವೂ ಬಂತು. ಸುನಿತಾ ಅತ್ತಳು. "ಅಳಿ, ನೋವು ಗೊತ್ತಾಗ್ತಿದೆ ಅಂದ್ರೆ ಬೆರಳು ಉಳೀತು ಅಂತ," ಅಂದರು ಮಹದೇವಸ್ವಾಮಿ. "ಹಾಗೇ ಆಸ್ಪತ್ರೆಗೆ ಹೋಗಿ ಒಂದ್ಸಲ ತೋರ್ಸಿ. ಇನ್ನೊಂದ್ಸಲ ಬಿಸಿನೀರು ಬೇಡ, ಗ್ರೈಂಡರಂತೂ ಬೇಡವೇ ಬೇಡ."

ನಾಗರಾಜು ತಲೆ ಕೆರೆದುಕೊಂಡ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ನಾಳೆ ಹೀಗೊಂದು ಬೆಳಗು ಬರಬಹುದು. ಬೆರಳಲ್ಲಿ ಉಂಗುರ ಸಿಕ್ಕಿಕೊಂಡರೆ ಕೈಯನ್ನು ಮೇಲಕ್ಕೆತ್ತಿ ಹಿಡಿಯಿರಿ, ತಣ್ಣೀರಲ್ಲಿಡಿ, ಸೋಪು ಅಥವಾ ಎಣ್ಣೆ ಹಚ್ಚಿ ಮೆಲ್ಲಗೆ ನೋಡಿ. ಬರದಿದ್ದರೆ, ಬೆರಳು ನೀಲಿಯಾದರೆ ಅಥವಾ ಜೋಮು ಹಿಡಿದರೆ, ನಾಚಿಕೆ ಬಿಟ್ಟು ಹತ್ತಿರದ ಅಗ್ನಿಶಾಮಕ ಠಾಣೆಗೋ ಆಸ್ಪತ್ರೆಗೋ ಓಡಿ. ಬಾವಿಗೆ, ಗುಂಡಿಗೆ, ನಾಲೆಗೆ ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ಒಬ್ಬರ ಜೊತೆ ಇನ್ನೊಬ್ಬರ ಜೀವವೂ ಹೋಗುವುದು ಹಾಗೆಯೇ. ದಡದಿಂದ ಹಗ್ಗವನ್ನೋ ಕೋಲನ್ನೋ ಕೊಡಿ, ನೂರಾ ಹನ್ನೆರಡಕ್ಕೆ ಫೋನ್ ಮಾಡಿ. ಯಾವ ಊರು, ಯಾವ ಗುಡಿ ಅಥವಾ ಡೈರಿಯ ಪಕ್ಕ, ಏನಾಗಿದೆ, ಎಷ್ಟು ಜನ ಎಂದು ನಿಧಾನವಾಗಿ ಹೇಳಿ. ಅವರು ಇಡಿ ಅನ್ನುವವರೆಗೆ ಫೋನ್ ಇಡಬೇಡಿ. ತಮಾಷೆಗೆ ಮಾತ್ರ ಆ ನಂಬರು ಒತ್ತಬೇಡಿ. ಅದೇ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಒಂದು ಜೀವ ಕಾಯುತ್ತಿರುತ್ತದೆ. ಮತ್ತೆ, ಆಗಿದ್ದನ್ನು ಮುಚ್ಚಿಡಬೇಡಿ. ಸುನಿತಾಳ ಬೆರಳನ್ನು ಅಷ್ಟು ಊದಿಸಿದ್ದು ಉಂಗುರ ಒಂದೇ ಅಲ್ಲ.

ಆಸ್ಪತ್ರೆಯಲ್ಲಿ ತೋರಿಸಿ ವಾಪಸ್ಸು ಬರುವಾಗ ಬೈರಮ್ಮ ಆಟೋದಲ್ಲಿ ಕೂತು ಕುಳ್ಳಮ್ಮನಿಗೆ ಹೇಳಿದಳು: "ಹೆಂಗಸರ ಸಂಘದ ಮೀಟಿಂಗಲ್ಲಿ ಎಲ್ಲಾರ್ಗೂ ಹೇಳ್ತೀನಿ ಕನವ್ವ. ಬೆಂಕಿ ಒಂದಕ್ಕೇ ಅಲ್ಲ ಅವರು." ಆಮೇಲೆ ಸೆರಗಿನ ಗಂಟು ಬಿಚ್ಚಿ ಮುರಿದ ಉಂಗುರ ಅಂಗೈ ಮೇಲಿಟ್ಟುಕೊಂಡಳು. "ಬೆಸುಗೆ ಹಾಕ್ಸಿ ಕೊಡ್ತೀನಿ ಬುಡು ಅರ್ಪಿತ. ಮೊದ್ಲಿನಂಗೇ ಆಗ್ತದೆ."

ಸುನಿತಾ ಕಬ್ಬಿನ ಗದ್ದೆಯ ಕಡೆ ಮುಖ ಮಾಡಿ ಕೂತಿದ್ದಳು. ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಅದಕ್ಕೆ ಯಾವ ಠಾಣೆಯ ಗಾಡಿಯೂ ಬರುವುದಿಲ್ಲ. ಅವಳ ತೊಡೆಯ ಮೇಲಿದ್ದ ಪ್ರಿಯಾಂಕ ಅಮ್ಮನ ಪಟ್ಟಿ ಸುತ್ತಿದ ಬೆರಳನ್ನು ನೋಡಿದಳು, ಅಜ್ಜಿಯ ಅಂಗೈ ನೋಡಿದಳು. ಈ ಸಲ ಅಮ್ಮ ಸುಮ್ಮನಿರು ಅನ್ನಲಿಲ್ಲ.

"ಅಜ್ಜಿ, ನಮ್ಮಮ್ಮಂಗೆ ಯಾಕೆ ನೀನು ಉಂಗುರ ಕೊಡ್ಲಿಲ್ಲ?"