ಮೊಟಕು ಮನೆಯ ಮೂಲೆ

ಆಕೆ ಓದಿದ್ದು ಕಟ್ಟಡಗಳ ವಿನ್ಯಾಸ. ಹಾಗೆ ನೋಡಿದರೆ ಆರ್ಕಿಟೆಕ್ಟ್. ಆದರೆ ಬೀದಿಯವರ ಪಾಲಿಗೆ ಕೈಯಲ್ಲಿ ಟೇಪು ಹಿಡಿದು ಗೋಡೆ ಅಳೆಯುವವರೆಲ್ಲ ಇಂಜಿನಿಯರೇ. ಮೊದಮೊದಲು ಆಕೆ ತಿದ್ದಲು ನೋಡಿದಳು. "ಎರಡೂ ಒಂದೇ ಬಿಡಮ್ಮ" ಎಂದು ಅವರು ತಿರುಗಿ ಆಕೆಯನ್ನೇ ಸಮಾಧಾನಪಡಿಸಿದರು. ಹೀಗೆ ಇಂಜಿನಿಯರಮ್ಮ ಎಂಬ ಹೆಸರು ನಿಂತುಬಿಟ್ಟಿತು. ನಾವೂ ಹಾಗೇ ಕರೆಯೋಣ, ಸುಮ್ಮನೆ ಜಗಳ ಯಾಕೆ.

ಆ ಬೀದಿಯೆಂದರೆ ಇಂಜಿನಿಯರಮ್ಮನಿಗೆ ಪ್ರಾಣ. ಅಮ್ಮನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಅಪ್ಪನಿಗೆ ಊರೂರು ಸುತ್ತುವ ಕೆಲಸ. ಹಾಗಾಗಿ ಬೆಳೆದದ್ದೆಲ್ಲ ಅಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ, ಎದುರುಬದುರು ಕಿಟಕಿಗಳು. ಒಂದು ಮನೆಯಲ್ಲಿ ಸೀನಿದರೆ ಎದುರುಮನೆಯವರು ಕಷಾಯ ಕುಡಿ ಎನ್ನುವಷ್ಟು ಹತ್ತಿರ. ಈಗ ಆ ಮನೆಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು. ಬಿದ್ದ ಜಾಗದಲ್ಲಿ ಎದ್ದವುಗಳ ಬಗ್ಗೆ ಆಕೆ ಒಳ್ಳೆಯ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಬೀದಿಯ ತುದಿಯಲ್ಲಿ ಒಂದಕ್ಕೆ ಮೈತುಂಬಾ ಗಾಜು. ಅದರ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದು, ಅಷ್ಟು ಉಪಯೋಗವುಂಟು. ಇನ್ನೊಂದಕ್ಕೆ ಹಳೆಯ ಕಳೆ ಬರಲೆಂದು ಪ್ಲಾಸ್ಟರಿನ ಕಂಬಗಳನ್ನು ಅಂಟಿಸಿದ್ದರು. ಅವುಗಳಲ್ಲೊಂದು ಕಳಚಿ ಯಾರದೋ ಸ್ಕೂಟರಿನ ಮೇಲೆ ಬಿದ್ದ ದಿನ ಇಂಜಿನಿಯರಮ್ಮ ಒಳಗೊಳಗೇ ಖುಷಿಪಟ್ಟಳು. ಸ್ಕೂಟರಿನವನ ಬಗ್ಗೆ ಮರುಕವೂ ಇತ್ತು, ಅದು ಬೇರೆ ಮಾತು.

ಇಂಥ ಹೊತ್ತಿನಲ್ಲಿ ಕನ್ನಡಕದವನು ತನ್ನ ಮನೆಯ ಕೆಲಸವನ್ನು ಆಕೆಗೆ ಒಪ್ಪಿಸಿದ. ಅವನು ಆಕೆಯ ಓರಗೆಯವನು, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಮನೆ ದೊಡ್ಡಮ್ಮನ ಮನೆಯ ಎದುರಿನದೇ, ಅವನ ಅಜ್ಜ ಕಟ್ಟಿಸಿದ್ದು. ಅಜ್ಜ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ. ಬೀದಿಗೆಲ್ಲ ಅಂಟಿನ ವಾಸನೆ ಬರುತ್ತಿದ್ದದ್ದು ಆ ಅಂಗಡಿಯಿಂದ. ಗೋಡೆಗಳು ಬಿರುಕು ಬಿಟ್ಟು ಕಟ್ಟಡ ಉಳಿಯುವಂತಿರಲಿಲ್ಲ. ಬಿಚ್ಚಿ, ಅದೇ ಜಾಗದಲ್ಲಿ ಮೂರು ಮಹಡಿ ಏಳಬೇಕು.

ಆ ಮನೆಗೊಂದು ವಿಚಿತ್ರವಿತ್ತು. ಬೀದಿಯಿಂದ ನೋಡಿದರೆ ಮಹಡಿಯ ಬಲಗಡೆ ಮೂಲೆ ಇರಲಿಲ್ಲ. ಕೋಣೆಯಿರಬೇಕಾದ ಕಡೆ ಆಕಾಶ. ಅದಕ್ಕೇ ಬೀದಿಯಲ್ಲಿ ಅದರ ಹೆಸರು ಮೊಟಕು ಮನೆ.

"ಹಳೇ ಮನೆ ಥರಾನೇ ಕಾಣ್ಬೇಕು, ಅದನ್ನ ನಿನಗೇ ಬಿಟ್ಟಿದೀನಿ. ಆದ್ರೆ ಆ ಮೂಲೆ ತುಂಬ್ಬೇಕು. ಅದೊಂದು ವಿಷಯದಲ್ಲಿ ನನ್ನ ಮಾತು ನಡೀಬೇಕು" ಎಂದ ಕನ್ನಡಕದವನು.

"ಅಷ್ಟು ಹಟ ಯಾಕೆ?"

"ಸ್ಕೂಲಲ್ಲಿ ನನ್ನ ಹೆಸರೇ ಮೊಟಕು. ಮೇಷ್ಟ್ರೂ ಹಾಗೇ ಕರೀತಿದ್ರು. ನನ್ನ ಮದುವೆ ದಿವಸ ಒಬ್ಬ ಪುಣ್ಯಾತ್ಮ ಎಲ್ಲರೆದುರು ಹಾಗೇ ಕೂಗಿದ, ಹೆಂಡ್ತಿ ಕಡೆಯವರೆಲ್ಲ ನನ್ನ ಎತ್ತರ ನೋಡೋಕೆ ಶುರು ಮಾಡಿದ್ರು. ನೀನೂ ಕರೀತಿದ್ದೆ, ನಾನು ಮರ್ತಿಲ್ಲ."

ಇಂಜಿನಿಯರಮ್ಮ ನಾಲಿಗೆ ಕಚ್ಚಿಕೊಂಡಳು. "ನಿಮ್ಮಜ್ಜ ಯಾಕೆ ಹಾಗೆ ಬಿಟ್ರು?"

"ಇಟ್ಟಿಗೆ ಸಾಲಲಿಲ್ಲವಂತೆ. ಅಜ್ಜಿ ಹೇಳ್ತಿದ್ರು."

ಆಕೆಗೂ ಮೂಲೆ ತುಂಬುವುದೇ ಸರಿಯೆನಿಸಿತು. ಕಲ್ಲಿನ ತಳಪಾಯದ ಸಾಲು, ಜನ ಕೂರುವ ಜಗಲಿ, ಮಡಚುವ ಹಲಗೆಯ ಬಾಗಿಲು, ಪಕ್ಕದ ಮನೆಗಳ ಕಿಟಕಿಗಳಿಗೆ ಸಮನಾದ ಕಿಟಕಿ, ಮುಂಚಾಚಿದ ಹೆಂಚಿನ ಸೂರು, ಎಲ್ಲವನ್ನೂ ಕಣ್ಣಿಗೆಣ್ಣೆ ಬಿಟ್ಟುಕೊಂಡು ಅಳೆದು ಉಳಿಸಿದಳು. ಮೂಲೆಯನ್ನು ಮಾತ್ರ ತಿದ್ದಿದಳು. ತಿದ್ದಿದ ಮೇಲೆ ಎಡ ಬಲ ಎರಡೂ ಸಮನಾಗಿ, ಮುಂಭಾಗ ಎದೆಯುಬ್ಬಿಸಿ ನಿಂತಿತು. ಓದಿದವರ ಕಣ್ಣಿಗೆ ಎಡಬಲ ಸಮನಾದರೆ ಸಾಕು, ಉಳಿದದ್ದೆಲ್ಲ ತಾನೇ ಸರಿಹೋದಂತೆ ಕಾಣುತ್ತದೆ.

ಆಕೆಯ ಕೆಲಸದಲ್ಲೊಂದು ಪದ್ಧತಿಯಿತ್ತು. ಯಾವ ಕಟ್ಟಡಕ್ಕಾದರೂ ಗೆರೆ ಎಳೆಯುವ ಮುಂಚೆ ಎದುರುಮನೆಯವರನ್ನು ಕೇಳಿಕೊಂಡು ಅವರ ಕಿಟಕಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲುವುದು. ಕಟ್ಟಡವನ್ನು ಜೀವಮಾನವೆಲ್ಲ ನೋಡಬೇಕಾದವರು ಅವರು ತಾನೆ, ಒಳಗಿರುವವರಲ್ಲವಲ್ಲ. ಈ ಸಲ ಮಾತ್ರ ನಿಲ್ಲಲಿಲ್ಲ. ಎದುರಿನ ಕಿಟಕಿ ತನ್ನದೇ, ಅಲ್ಲೇ ಕೂತು ಅ ಆ ಇ ಈ ತಿದ್ದಿದವಳು ತಾನು, ಇನ್ನು ನೋಡುವುದೇನಿದೆ ಎಂದುಕೊಂಡಳು.

ರಟ್ಟಿನಲ್ಲಿ ಮನೆಯ ಮಾದರಿ ಮಾಡಿ, ಒಂದು ಬೆಳಗ್ಗೆ ಅದನ್ನೆತ್ತಿಕೊಂಡು ದೊಡ್ಡಮ್ಮನ ಮನೆಯ ಮೆಟ್ಟಿಲು ಹತ್ತಿದಳು. ದೊಡ್ಡಮ್ಮ ಇರುವುದು ಮಹಡಿಯಲ್ಲಿ. ಕೆಳಗೆ ಟೈಲರ್ ಬಾಡಿಗೆಗಿದ್ದ. ದಿನಾ ಬೆಳಗ್ಗೆ ಇಲ್ಲಿಗೆ ಬಂದು ಒಂದು ಲೋಟ ಕಾಫಿ ಕುಡಿಯದಿದ್ದರೆ ಇಂಜಿನಿಯರಮ್ಮನಿಗೆ ದಿನವೇ ಶುರುವಾಗದು.

ಬೀದಿಗೆ ಮುಖ ಮಾಡಿದ ಆ ಕೋಣೆ ಹಾಗೇ ಇತ್ತು. ಕಿಟಕಿ, ಕಿಟಕಿಗೆ ತಾಗಿದ ಮಂಚ, ಮಂಚದ ಮೇಲೆ ಚೌಕಳಿ ಹೊದಿಕೆ, ಹೊದಿಕೆಯ ಮೇಲೆ ಬಿಸಿಲು. ಇದೇ ಬಿಸಿಲಿನಲ್ಲಿ ಆಕೆ ಮಗ್ಗಿ ಬಾಯಿಪಾಠ ಮಾಡಿದ್ದಳು, ಹೇನು ತೆಗೆಸಿಕೊಂಡಿದ್ದಳು, ಜ್ವರ ಬಂದಾಗ ಮಲಗಿದ್ದಳು. ಮಂಚದ ಅಂಚಿನಿಂದ ಇಳಿದು ನೆಲಕ್ಕೆ ಬರುವ ಬಿಸಿಲಿನ ತುಂಡನ್ನು ಕಾಲಿನಿಂದ ತುಳಿದು ಹಿಡಿಯುವ ಆಟ ಆಡಿದ್ದಳು. ಇವತ್ತಿಗೂ ಬಾಲ್ಯ ಎಂದರೆ ಆಕೆಗೆ ನೆನಪಾಗುವುದು ಅಂಗಾಲಿನ ಆ ಬಿಸುಪು.

ದೊಡ್ಡಮ್ಮ ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಜಗಲಿಯನ್ನು ಬೆರಳಿನಿಂದ ಮುಟ್ಟಿದಳು. ಬೆರಳು ಮೇಲೇರಿ ಬಲಮೂಲೆಯಲ್ಲಿ ನಿಂತಿತು.

"ಚೆನ್ನಾಗಿದೆ" ಎಂದಳು. ಆಮೇಲೆ ಏನೋ ನೆನಪಾದವಳಂತೆ, "ಕೆಳಗೆ ಟೈಲರ್ ಇದ್ರೆ ಕರೀತೀಯಾ ಮರಿ, ಒಂದು ಕೈ ಹಿಡೀಲಿ. ಈ ಮಂಚ ಒಳಕೋಣೆಗೆ ಹಾಕ್ಬೇಕು."

"ಯಾಕೆ? ಅಲ್ಲಿ ಗಾಳಿ ಇಲ್ಲ, ಬೆಳಕಿಲ್ಲ."

"ಇನ್ಮೇಲೆ ಇಲ್ಲೂ ಇರಲ್ವಲ್ಲ. ಈಗಿಂದಾನೇ ರೂಢಿ ಆಗ್ಲಿ."

ಇಂಜಿನಿಯರಮ್ಮ ಕಿಟಕಿಯಾಚೆ ನೋಡಿದಳು. ಸೂರ್ಯ ಸರಿಯಾಗಿ ಆ ಇಲ್ಲದ ಮೂಲೆಯಲ್ಲಿ ನಿಂತಿದ್ದ. ಉಳಿದ ಮುಂಭಾಗವೆಲ್ಲ ನೆರಳು; ಬಿಸಿಲು ಬರುತ್ತಿದ್ದದ್ದು ಅದೊಂದೇ ಕಂಡಿಯಿಂದ. ಇಷ್ಟು ವರ್ಷ ಆ ಬಿಸಿಲನ್ನು ಸೂರ್ಯನೇ ಕೊಟ್ಟದ್ದು ಎಂದುಕೊಂಡಿದ್ದಳು.

"ಇಟ್ಟಿಗೆ ಸಾಲದೆ ಬಿಟ್ಟಿದ್ದಂತಲ್ಲ ಅದು" ಎಂದಳು.

"ಹಾಗಂತ ಎಲ್ರಿಗೂ ಹೇಳಿದ್ಳು ಅವಳು, ಬೈಂಡಿನವರ ಹೆಂಡ್ತಿ. ಸಾಲದ ಇಟ್ಟಿಗೇನ ಗೋಡೆಯಿಂದ ಬಿಚ್ಚಿ ಬಿಚ್ಚಿ ಕೆಳಗಿಳಿಸಿದ್ದನ್ನ ನಾನು ಇದೇ ಮಂಚದಿಂದ ನೋಡಿದೀನಿ." ದೊಡ್ಡಮ್ಮ ಹೊದಿಕೆಯ ಸುಕ್ಕು ಬಿಡಿಸುತ್ತಾ ಹೇಳಿದಳು. "ಮಗು ತೀರ್ಕೊಂಡ ವರ್ಷ ಅದು. ನಾನು ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಯಾರ ಹತ್ರಾನೂ ಮಾತಿಲ್ಲ. ಬೆಳಗ್ಗೆ ಬಿಸಿಲು ಬಂದು ಮುಖದ ಮೇಲೆ ಬಿದ್ರೆ ಕಣ್ಣು ಬಿಡ್ತಿದ್ದೆ, ಅಷ್ಟೇ. ಎದುರಿಗೆ ಮಹಡಿ ಏಳ್ತಾ ಇತ್ತು. ಒಂದು ದಿನ ಗೋಡೆ ಎದೆ ಮಟ್ಟಕ್ಕೆ ಬಂತು, ಕೋಣೆ ಕತ್ತಲಾಯ್ತು. ಅವಳು ಗೋಡೆ ನೋಡೋಕೆ ಅಂತ ಮೇಲೆ ಬಂದವಳು ಈ ಕಡೆ ತಿರುಗಿದ್ಳು. ನನ್ನನ್ನ ನೋಡಿದ್ಳು, ಸುಮಾರು ಹೊತ್ತು. ಮಾರನೇ ದಿನ ಬಿಚ್ಚೋಕೆ ಶುರು ಮಾಡಿದ್ರು."

ದೊಡ್ಡಮ್ಮನಿಗೆ ಒಂದು ಮಗುವಾಗಿ ಹೋಗಿತ್ತು ಎಂಬುದು ಇಂಜಿನಿಯರಮ್ಮನಿಗೆ ಗೊತ್ತಿತ್ತು; ಮನೆಯಲ್ಲಿ ಯಾರೂ ಆಡದ ಮಾತು ಮಕ್ಕಳಿಗೆ ಹೇಗೆ ಗೊತ್ತಿರುತ್ತದೋ ಹಾಗೆ. ದೊಡ್ಡಮ್ಮನ ಬಾಯಿಂದಲೇ ಅದನ್ನು ಕೇಳಿದ್ದು ಇದೇ ಮೊದಲು.

"ನಾನು ಇವತ್ತೇ ಹೋಗಿ ಹೇಳ್ತೀನಿ" ಎಂದು ಎದ್ದಳು.

"ಕೂತ್ಕೋ." ದೊಡ್ಡಮ್ಮನ ದನಿ ಗಟ್ಟಿಯಾಯಿತು. "ಅವಳು ಕೊಟ್ಟಿದ್ದು ನಾನು ಕೇಳಿದೆ ಅಂತ ಅಲ್ಲ. ಈಗ ಮೊಮ್ಮಗನ ಮುಂದೆ ಕೈಯೊಡ್ಡಿದ್ರೆ ನನಗೆ ಮರ್ಯಾದೆ ಏನುಳೀತು? ನೀನು ಕೇಳಿದ್ರೂ ನಾನು ಕೇಳಿದ ಹಾಗೇ. ಬಾಯಿ ಬಿಡಕೂಡದು. ಅವನ ಜಾಗ, ಅವನು ಕಟ್ಕೊಳ್ತಾನೆ."

ಆಮೇಲಿನ ದಿನಗಳಲ್ಲಿ ಇಂಜಿನಿಯರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸುಳ್ಳುಗಳೇನು, ಬೇಕಾದಷ್ಟು ಹೊಳೆದವು. ಮಣ್ಣು ಸಡಿಲ ಎನ್ನಬಹುದು, ನಗರಸಭೆಯ ನಿಯಮ ಎನ್ನಬಹುದು. ಆಕೆಯ ಕಸುಬಿನಲ್ಲಿ ಸುಳ್ಳಿಗೆ ಬರವಿಲ್ಲ. ಆದರೆ ಬಾಲ್ಯವೆಲ್ಲ ಒಬ್ಬನನ್ನು ಮೊಟಕು ಎಂದು ಕರೆದು, ಈಗ ಅವನ ಕಣ್ಣಿಗೆ ಮಣ್ಣೆರಚಿ ಮತ್ತೆ ಮೊಟಕು ಮನೆಯನ್ನೇ ಅವನ ತಲೆಗೆ ಕಟ್ಟುವುದು ಆಕೆಗೆ ಹಿಡಿಸಲಿಲ್ಲ. ಮಾದರಿಯನ್ನು ಹಾಗೇ ಒಪ್ಪಿಸಿದರೆ ದೊಡ್ಡಮ್ಮನ ಕೋಣೆಗೆ ತಾನೇ ಕೈಯಾರೆ ಕತ್ತಲು ಹಾಕಿದಂತೆ. ಎರಡೂ ಬೇಡವೆಂದರೆ ಉಳಿದದ್ದು ತನ್ನ ಪದ್ಧತಿ ಒಂದೇ. ಕಿಟಕಿಯಲ್ಲಿ ನಿಲ್ಲುವುದನ್ನು ಈ ಸಲ ಬಿಟ್ಟಿದ್ದಳಲ್ಲ, ಅದನ್ನೇ ಮಾಡೋಣ, ಜೊತೆಗೆ ಅವನನ್ನೂ ಕರೆದುಕೊಂಡು ಎಂದುಕೊಂಡಳು. ಅದು ಕೇಳಿದಂತಾಗುತ್ತದೋ ಇಲ್ಲವೋ ಎಂದು ಮನಸ್ಸು ಕೊರೆಯುತ್ತಲೇ ಇತ್ತು.

ಕನ್ನಡಕದವನು ಅಂಗಡಿ ತೆರೆಯುವ ಮುಂಚೆ ಬಂದ. ಬೀದಿಯಲ್ಲೆಲ್ಲ ಆಡಿ ಬೆಳೆದವನಾದರೂ ಆ ಮಹಡಿಯ ಕೋಣೆಗೆ ಅವನು ಕಾಲಿಟ್ಟಿರಲಿಲ್ಲ. "ಮನೆ ಹೊರಗಿಂದ ಹೇಗೆ ಕಾಣುತ್ತೆ ಅಂತ ನೋಡ್ಬೇಕಂತೆ" ಎಂದು ದೊಡ್ಡಮ್ಮನಿಗೆ ಹೇಳಿ, ಕೂರಲು ಬೇರೇನೂ ಕಾಣದೆ ಮಂಚದ ಮೇಲೆ ಕೂತ. ದೊಡ್ಡಮ್ಮ "ನೋಡಪ್ಪ" ಎಂದಷ್ಟೇ ಹೇಳಿ, ಇಂಜಿನಿಯರಮ್ಮನನ್ನು ಸುಡುವ ಹಾಗೆ ಒಮ್ಮೆ ನೋಡಿ, ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಎಷ್ಟು ಅವಲಕ್ಷಣವಾಗಿ ಕಾಣುತ್ತೆ ನೋಡು ಇಲ್ಲಿಂದ" ಎಂದ ಅವನು, ಬಿಸಿಲಿಗೆ ಕಣ್ಣು ಕಿರಿದು ಮಾಡಿ. "ಹಲ್ಲು ಬಿದ್ದ ಬಾಯಿ ಥರ. ಇಷ್ಟು ಜಾಗ ತುಂಬುತ್ತೆ, ಅಲ್ವಾ?"

ಹೀಗೆನ್ನುತ್ತಾ ಒಂದು ಕಣ್ಣು ಮುಚ್ಚಿ, ಕೈ ಮುಂಚಾಚಿ, ಅಂಗೈಯಿಂದ ಆ ಕಂಡಿಯನ್ನು ಮುಚ್ಚಿ ನೋಡಿದ. ಅಂಗೈಯ ನೆರಳು ಅವನ ಮುಖದ ಮೇಲೆ ಬಿತ್ತು. ಕೈ ತೆಗೆದ, ಬಿಸಿಲು ಬಂತು. ಮತ್ತೆ ಮುಚ್ಚಿದ. ಈ ಸಲ ತಿರುಗಿ ಹಿಂದೆ ನೋಡಿದ. ದಿಂಬಿನ ಮೇಲೆ ಅವನ ಕೈಯ ನೆರಳು ಚಾಚಿಕೊಂಡಿತ್ತು.

ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ. "ಈ ಮಂಚ ಯಾವಾಗಿಂದ ಇಲ್ಲೇ ಇದೆಯಮ್ಮ?"

"ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲದಿಂದ" ಎಂದಳು ದೊಡ್ಡಮ್ಮ.

ಅವನು ಕಾಫಿ ಕುಡಿದು, ಲೋಟವನ್ನು ತಾನೇ ಒಳಗಿಟ್ಟು, ಅಂಗಡಿಗೆ ಹೋದ.

ಒಂದು ವಾರ ಅವನ ಸುದ್ದಿಯಿಲ್ಲ. ಆಮೇಲೊಂದು ಮಧ್ಯಾಹ್ನ ಇಂಜಿನಿಯರಮ್ಮನ ಆಫೀಸಿಗೆ ಬಂದವನು ಕೂರಲೂ ಇಲ್ಲ. ಮೇಜಿನ ಮೇಲಿದ್ದ ಮಾದರಿಯನ್ನು ಎತ್ತಿಕೊಂಡು, ಬಲಮೂಲೆಗೆ ಹೆಬ್ಬೆರಳು ಒತ್ತಿ, ಲಟಕ್ಕನೆ ಮುರಿದ. ಮೂರೂ ಮಹಡಿಯ ಮೂಲೆ ರಟ್ಟಿನ ತುಂಡಾಗಿ ಮೇಜಿಗೆ ಬಿತ್ತು.

"ಇದು ಬೇಡ" ಎಂದ.

"ಮೂರು ಕೋಣೆ ಹೋಗುತ್ತೆ. ಮತ್ತೆ ಮೊಟಕು ಅಂತಾರೆ."

"ಅನ್ನಲಿ ಬಿಡು. ಅಭ್ಯಾಸ ಇದೆ."

"ಯಾಕೆ ಅಂತ ಹೇಳಲ್ವಾ?"

"ನೀನೂ ಹೇಳ್ಲಿಲ್ವಲ್ಲ" ಎಂದು ನಕ್ಕ. ಇಂಜಿನಿಯರಮ್ಮನಿಗೆ ಅವನನ್ನು ಎಳೆದು ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು. ಅದನ್ನು ಮುಚ್ಚಿಟ್ಟುಕೊಂಡು, ರಟ್ಟಿನ ತುಂಡನ್ನು ಕಸದ ಬುಟ್ಟಿಗೆ ಹಾಕಿದಳು.

ಸುದ್ದಿ ಕೇಳಿ ದೊಡ್ಡಮ್ಮ ಖುಷಿಪಡಲಿಲ್ಲ, ಸಿಟ್ಟಾದಳು. "ಕೇಳಿದೆಯಾ ನೀನು?"

"ಇಲ್ಲ ದೊಡ್ಡಮ್ಮ. ಕರ್ಕೊಂಡು ಬಂದೆ, ಅಷ್ಟೇ. ತಪ್ಪಾದ್ರೆ ಬೈಯಿ."

"ಅವನೇ ಹೇಳಿದ್ನಾ?"

"ಅವನೇ."

ದೊಡ್ಡಮ್ಮ ಮಂಚದಿಂದ ಎದ್ದು, ಸೀರೆ ಸರಿಮಾಡಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿಯತೊಡಗಿದಳು. ಮಂಡಿನೋವು ಶುರುವಾದ ಮೇಲೆ ಆಕೆ ಬೀದಿಗೆ ಇಳಿದದ್ದೇ ಅಪರೂಪ. ಇಂಜಿನಿಯರಮ್ಮ ತೋಳು ಹಿಡಿಯಲು ಹೋದರೆ ಕೊಡವಿಕೊಂಡಳು.

ಎದುರುಮನೆಯನ್ನು ಬಿಚ್ಚುವ ಮುಂಚೆ ಖಾಲಿ ಮಾಡುತ್ತಿದ್ದರು. ಕನ್ನಡಕದವನು ಅಜ್ಜನ ಅಂಗಡಿಯ ನಡುವೆ, ಧೂಳಿನಲ್ಲಿ, ಹಳೆಯ ಡಬ್ಬಗಳನ್ನು ಜೋಡಿಸುತ್ತಾ ನಿಂತಿದ್ದ. ದೊಡ್ಡಮ್ಮನನ್ನು ಕಂಡು ಗಡಬಡಿಸಿ ಸ್ಟೂಲು ಒರೆಸಿದ. ಆಕೆ ಕೂರಲಿಲ್ಲ.

"ನಿಮ್ಮಜ್ಜಿ ಇರೋವರೆಗೂ ದಿನಾ ಎದುರುಬದುರು ಕಂಡೆ" ಎಂದಳು. "ಊಟ ಆಯ್ತಾ ಅಂದೆ, ಮಳೆ ಬರುತ್ತೆ ಬಟ್ಟೆ ತೆಗೀರಿ ಅಂದೆ. ಉಪಕಾರ ಆಯ್ತು ಅಂತ ಒಂದು ಮಾತು ಹೇಳಲಿಲ್ಲ. ಹೇಳೋಕೆ ಹೋದ್ರೆ ಮಗು ಮಾತೆತ್ತಬೇಕಲ್ಲ ಅಂತ ಹೆದರಿಕೆ. ಅವಳು ಹೋಗೇಬಿಟ್ಳು. ಈಗ ನಿನಗೆ ಹೇಳ್ತಿದೀನಪ್ಪ. ಅವಳಿಗೂ ಸೇರಿಸಿ."

ಕನ್ನಡಕದವನಿಗೆ ಮಗುವಿನ ವಿಷಯ ಗೊತ್ತಿರಲಿಲ್ಲ. ಅವನು ಇಂಜಿನಿಯರಮ್ಮನತ್ತ ನೋಡಿದ. ಆಕೆ ತಲೆ ತಗ್ಗಿಸಿದಳು. ಅವನು ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು ಹತ್ತಿರ ಬಂದ.

"ಏನಂತ ಹೆಸರಿಟ್ಟಿದ್ರಿ ಅಮ್ಮ, ಮಗೂಗೆ?"

ಅಷ್ಟು ವರ್ಷಗಳಲ್ಲಿ ದೊಡ್ಡಮ್ಮನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮಗುವಿನ ಹೆಸರು ಹೇಳಿದಳು. ಕನ್ನಡಕದವನು ಅದನ್ನು ಒಮ್ಮೆ ತಾನೂ ಹೇಳಿ ನೋಡಿ, "ಚೆನ್ನಾಗಿದೆ ಹೆಸರು" ಎಂದ. ಅದೇ ಮನೆಯಲ್ಲಿ, ಅದೇ ಮಂಚದ ಮೇಲೆ ಬೆಳೆದ ಇಂಜಿನಿಯರಮ್ಮ ಆ ಹೆಸರನ್ನು ಮೊದಲ ಸಲ ಕೇಳಿದ್ದು ಆವತ್ತು.