ಅಗಲ ಸಾಲದ ಪರದೆ

ಹಾರ್ಲಿಂಗನ್ ಊರಿನ ಆ ಬೀದಿಯಲ್ಲಿ ಮುಂದಿನ ಕಿಟಕಿಗೆ ಯಾರೂ ಪರದೆ ಹಾಕುವುದಿಲ್ಲ. ಗಾಜು ಮೊಣಕಾಲೆತ್ತರದಿಂದ ಶುರುವಾಗಿ ಗೋಡೆಯ ತುಂಬ ಇರುತ್ತದೆ. ಹೋಗುವವರು ಒಳಗೆ ನೋಡುತ್ತಾರೆ, ಒಳಗಿದ್ದವರು ಕೈ ಎತ್ತುತ್ತಾರೆ. ಪರದೆ ಎಳೆದ ಮನೆಯೆಂದರೆ ಅಲ್ಲಿ ಕುಡಿತವೋ ಹೊಡೆತವೋ ನಡೆದಿದೆ ಎಂದೇ ಲೆಕ್ಕ. ಇದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ಡೌವೆ. ಬೀದಿಯ ಕೊನೆಯ ಶಾಲೆಗೆ ಹೆಡ್‌ಮಾಸ್ಟರಾಗಿದ್ದವನು. ನಿವೃತ್ತನಾದ ಮೇಲೂ ಬೀದಿಗೆಲ್ಲ ಮೇಷ್ಟ್ರೇ.

ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಹೋದವು, ಬಾಯಿ ಒಂದು ಕಡೆಗೆ ಜಾರಿತು. ಮಾತು ಉಳಿಯಿತು, ದರ್ಪವೂ ಉಳಿಯಿತು. ಮನೆಯ ಮೆಟ್ಟಿಲು ಏಣಿಯಷ್ಟು ಕಡಿದಾಗಿತ್ತು, ಅವನನ್ನು ಮಹಡಿಗೆ ಒಯ್ಯುವಂತಿರಲಿಲ್ಲ. ಆಸ್ಪತ್ರೆಯ ಮಂಚ ಹಿಡಿಸಿದ್ದು ಒಂದೇ ಕಡೆ: ಮುಂದಿನ ಕೋಣೆಯಲ್ಲಿ, ಕಿಟಕಿಯ ಉದ್ದಕ್ಕೆ.

ಬೆಳಿಗ್ಗೆ ದಾದಿ ಮಾರೈಕೆ ಬಂದು ಅವನ ಡೈಪರ್ ಬಿಚ್ಚಿ ಮೈ ಒರೆಸುವ ಹೊತ್ತಿಗೇ ಬೀದಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರ ಸೈಕಲ್ಲುಗಳು ಸಾಲುಗಟ್ಟುತ್ತಿದ್ದವು. ಬಿಡಲು ಬರುವವರಲ್ಲಿ ಹೆಚ್ಚಿನವರು ಅವನ ಹತ್ತಿರವೇ ಓದಿದವರು. ಟವೆಲ್ಲು ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುತ್ತಿತ್ತು. ಅವರು ಹೊರಗಿನಿಂದ ಕೈ ಬೀಸುತ್ತಿದ್ದರು, ನೋಡಿಯೂ ಬೀಸದೆ ಹೋಗುವುದು ಆ ಬೀದಿಯಲ್ಲಿ ಅಗೌರವ. ಡೌವೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಮೊದಲು ಅವನು ಚಾದರ ಕಟ್ಟಲು ಹೇಳಿದ. ಹೆಂಡತಿ ಔಕ್ಯೆ ಆಗುವುದಿಲ್ಲ ಎಂದಳು. ಕಿಟಕಿಗೆ ಚಾದರ ಕಟ್ಟಿದರೆ ಒಳಗೆ ಗಾಂಜಾ ಬೆಳೆಯುತ್ತಿದ್ದಾರೆಂದು ಯಾರಾದರೂ ಪೊಲೀಸರಿಗೆ ಫೋನ್ ಮಾಡುತ್ತಾರೆ, ಮೂಲೆಮನೆಯ ಬಾಡಿಗೆದಾರರ ಮೇಲೆ ಹಾಗೆ ಫೋನ್ ಮಾಡಿದವನು ಅವನೇ ಎಂದು ನೆನಪಿಸಿದಳು. ಹಾಗಾದರೆ ಸರಿಯಾದ ಪರದೆಯನ್ನೇ ತರಿಸು ಎಂದ. ಅವಳು ಸರಿ ಅಂದಳು.

ಅವಳೂ ಒಮ್ಮೆ ಪರದೆ ಕೇಳಿದ್ದಳು. ಮೊಲೆ ತೆಗೆದ ವರ್ಷ, ಔಷಧಿಗೆ ತಲೆಗೂದಲೆಲ್ಲ ಉದುರಿ, ಇದೇ ಕಿಟಕಿಯ ಪಕ್ಕ ಸೋಫಾದಲ್ಲಿ ಬಕೆಟ್ಟು ತಬ್ಬಿಕೊಂಡು ಬಿದ್ದಿದ್ದಳು. ನಮ್ಮನೆಯಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಡೌವೆ ಕೇಳಿದ್ದ. ಪರದೆ ಬರಲಿಲ್ಲ. ಆ ಮಾತನ್ನು ಅವಳು ಈಗ ಎತ್ತಲಿಲ್ಲ.

ಅಳತೆ ಕೊಟ್ಟರೆ ಹೊಲಿದು ಕಳಿಸುವ ಅಂಗಡಿಯೊಂದನ್ನು ಆನ್‌ಲೈನಿನಲ್ಲಿ ಹುಡುಕಿದಳು. ಮಾದರಿ ತುಂಡುಗಳು ಅಂಚೆಯಲ್ಲಿ ಬಂದವು. ಡೌವೆ ಒಂದೊಂದನ್ನೂ ಬಲಗೈಯಲ್ಲಿ ಬೆಳಕಿಗೆ ಹಿಡಿದು, ಒಂದಿಷ್ಟೂ ಬೆಳಕು ಬಿಡದ ದಪ್ಪ ಕಡುನೀಲಿಯನ್ನು ಆರಿಸಿದ. ನೆರಿಗೆ ಇರಲಿ ಎಂದ, ಚಪ್ಪಟೆ ಬಟ್ಟೆ ದನದ ಕೊಟ್ಟಿಗೆಗೆ ಅಂದ.

ಔಕ್ಯೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಪರದೆಯ ಚಿತ್ರದ ಕೆಳಗೆ ವಿವರವಿತ್ತು. ನೆರಿಗೆ ಬಟ್ಟೆಯ ಅರ್ಧ ಅಗಲವನ್ನು ತಿನ್ನುತ್ತದೆ, ಆದ್ದರಿಂದ ಕಿಟಕಿಯ ಎರಡರಷ್ಟು ಅಗಲ ಬರೆಯಬೇಕು. ಅವಳು ಅದನ್ನು ಮನಸ್ಸಿನಲ್ಲೇ ಓದಿಕೊಂಡಳು.

“ಅಗಲ ಎಷ್ಟು ಬರೀಲಿ?”

“ಕಿಟಕಿ ಎಷ್ಟಿದೆಯೋ ಅಷ್ಟು. ಎರಡು ಸಲ ಅಳೆ. ನಿನ್ನ ಅಳತೆ ನಂಗೊತ್ತಿಲ್ವಾ.”

“ಜಾಸ್ತಿ ಬೇಡ್ವಾ?”

“ಯಾಕೆ, ಕಿಟಕಿ ಬೆಳೆಯುತ್ತಾ?”

ಜೀವಮಾನದಲ್ಲಿ ಒಂದು ಪರದೆಯನ್ನೂ ತೂಗುಹಾಕದವನ ತಪ್ಪು ಅದು. ಆ ಬೀದಿಯ ಯಾವ ಗಂಡಸಾದರೂ ಅದನ್ನೇ ಹೇಳುತ್ತಿದ್ದ. ಅವಳು ಎರಡು ಸಲ ಅಳೆದಳು, ಅವನು ಹೇಳಿದಷ್ಟೇ ಬರೆದಳು. ನೆರಿಗೆಗೆ ಬೇಕಾದ್ದನ್ನು ಸೇರಿಸಿದ್ದೀರಾ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದಳು. ಅಳತೆಗೆ ಹೊಲಿದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದಳು. ಅದಕ್ಕೇ ಸರಿಯಾಗಿ ಬರಿ ಅಂದಿದ್ದು ಎಂದ ಡೌವೆ.

ಆಮೇಲೆ ಅವನು ಕಾದ. ಪಾರ್ಸೆಲ್ ವ್ಯಾನು ಬೀದಿಗೆ ತಿರುಗಿದಾಗಲೆಲ್ಲ ತಲೆ ಎತ್ತುತ್ತಿದ್ದ. ಮಾರೈಕೆಗೆ ನೀಲಿಯ ವಿಷಯ ಹೇಳುತ್ತಿದ್ದ. ಇನ್ನೊಂದು ಸ್ವಲ್ಪ ದಿನ ಅಂತ ಅವಳ ಎದುರಿಗೆ ಒಮ್ಮೆ ಅತ್ತ. ಔಕ್ಯೆ ಅದನ್ನು ಅಡುಗೆಮನೆಯಿಂದ ಕೇಳಿಸಿಕೊಂಡು ಆಲೂಗಡ್ಡೆ ಹೆಚ್ಚುವುದನ್ನು ಮುಂದುವರಿಸಿದಳು.

ಪರದೆ ಬಂದ ದಿನ ಅವಳೇ ಏಣಿ ಹತ್ತಿ ಎಡದ್ದು ಬಲದ್ದು ಎರಡನ್ನೂ ಕೊಕ್ಕೆಗಳಿಗೆ ಸಿಕ್ಕಿಸಿದಳು. ಹೊಲಿಗೆ ಚೆನ್ನಾಗಿತ್ತು, ನೆರಿಗೆಗಳು ಗಟ್ಟಿಯಾಗಿ ಕೂತಿದ್ದವು.

“ಪೂರ್ತಿ ಎಳಿ,” ಎಂದ ಡೌವೆ.

“ಎಳೆದಾಯ್ತು.”

ಅರ್ಧ ಕಿಟಕಿ ನೀಲಿಯಾಗಿತ್ತು. ಉಳಿದರ್ಧದಲ್ಲಿ ಬೀದಿ ಇತ್ತು.

ಅಂಗಡಿಯವರು ತಪ್ಪು ಕಳಿಸಿದ್ದಾರೆ, ಫೋನ್ ಮಾಡು ಎಂದ. ಅವಳು ಲ್ಯಾಪ್‌ಟಾಪ್ ತಂದು ಅವನ ಮುಂದಿಟ್ಟು, ಚಿತ್ರದ ಕೆಳಗಿನ ಸಾಲನ್ನು ತೋರಿಸಿದಳು. ಬದುಕಿಡೀ ಬೇರೆಯವರ ತಪ್ಪುಗಳಿಗೆ ಕೆಂಪು ಗೆರೆ ಎಳೆದವನು ಅದನ್ನು ನಿಧಾನವಾಗಿ ಓದಿದ.

“ನೀನು ಓದಿದ್ಯಾ ಇದನ್ನ?”

“ಓದಿದ್ದೆ.”

“ಹೇಳ್ಬೇಕಿತ್ತು.”

“ಕೇಳಿದ್ನಲ್ಲ, ಜಾಸ್ತಿ ಬೇಡ್ವಾ ಅಂತ.”

ಇನ್ನೊಂದು ಜೊತೆ ತರಿಸು ಎಂದ. ನೋಡೋಣ ಎಂದಳು. ಸಂಜೆ ಮತ್ತೆ ಕೇಳಿದ, ಆಗಲೂ ನೋಡೋಣ ಎಂದಳು. ಲ್ಯಾಪ್‌ಟಾಪ್ ಮಹಡಿಗೆ ಹೋಯಿತು, ಅವನು ಮಹಡಿ ಹತ್ತುವಂತಿರಲಿಲ್ಲ.

ಮರುದಿನ ಮಾರೈಕೆ ಬಿಸಿನೀರಿನ ಪಾತ್ರೆ ಹಿಡಿದು ಬಂದಾಗ ಔಕ್ಯೆ ಪರದೆಯ ಅಂಚು ಹಿಡಿದು ನಿಂತಿದ್ದಳು.

“ಮುಖ ಮುಚ್ಚಲಾ, ಕೆಳಗೆ ಮುಚ್ಚಲಾ? ಎರಡೂ ಆಗಲ್ಲ. ಬೇಗ ಹೇಳು, ಅವಳಿಗೆ ಇನ್ನೂ ಬೇರೆ ಮನೆಗಳಿವೆ.”

ಮಾರೈಕೆ ಗಂಡ ಹೆಂಡಿರ ತಮಾಷೆಯೆಂದುಕೊಂಡು ನಕ್ಕಳು. ಡೌವೆ ನಗಲಿಲ್ಲ. ಒಮ್ಮೆ ಬೀದಿಯನ್ನು, ಒಮ್ಮೆ ತನ್ನ ಕಾಲುಗಳನ್ನು ನೋಡಿದ.

“ಮುಖ,” ಎಂದ.

ಔಕ್ಯೆ ಎರಡೂ ಪರದೆಗಳನ್ನು ಅವನ ತಲೆಯ ಕಡೆಗೆ ತಳ್ಳಿದಳು. ಮಾರೈಕೆ ಅವನನ್ನು ಮಗ್ಗುಲಿಗೆ ತಿರುಗಿಸಿ, ಡೈಪರ್ ಬಿಚ್ಚಿ ಒರೆಸತೊಡಗಿದಳು. ಸೈಕಲ್ಲುಗಳು ಬಂದವು. ಒಂದು ಬ್ರೇಕು ಹಿಡಿದ ಸದ್ದು, ಆಮೇಲೆ ಒಂದು ನಗು, ಯಾರೋ ಷ್ ಎಂದರು. ನೀಲಿಯ ಹಿಂದಿನ ಕತ್ತಲಲ್ಲಿ ಡೌವೆಗೆ ಸದ್ದು ಮಾತ್ರ ಕೇಳುತ್ತಿತ್ತು.

“ಯಾರದು?” ಎಂದ.

“ಬೌಕೆ. ಅವನ ಹಿಂದೆ ಹಿಸ್ಕೆ, ಆ ಬೇಕರಿಯವಳು. ರೀನ್‌ಸ್ಟ್ರಾ ಅಣ್ಣತಮ್ಮಂದಿರು, ಇಬ್ರೂ. ಎಲ್ಲಾ ನಿನ್ನ ಹತ್ರ ಓದಿದವ್ರೇ.”

“ನಾನು ಅಂತ ಗೊತ್ತಾಗುತ್ತಾ?”

“ಈ ಮನೇಲಿ ಇನ್ಯಾರಿದಾರೆ?”

ಅವನ ಕೈ ಪರದೆಯ ಅಂಚನ್ನು ತಡವಿತು. ಕಾಲ ಕಡೆಗೆ ಎಳೆಯಲು ನೋಡಿದ. ಬಟ್ಟೆ ಭಾರವಾಗಿತ್ತು, ಅವನು ಆರಿಸಿದ ಬಟ್ಟೆಯಲ್ಲವೇ, ಅಲ್ಲಾಡಲಿಲ್ಲ.

“ಹೋದ್ರಾ?”

“ಇಲ್ಲ,” ಎಂದಳು ಔಕ್ಯೆ. ಇನ್ನೊಂದು ಮಗ್ಗುಲಿಗೂ ತಿರುಗಿಸು ಎಂದು ಮಾರೈಕೆಗೆ ಹೇಳಿದಳು. ಆ ಕಡೆ ಇನ್ನೂ ಒದ್ದೆಯಿತ್ತು.